ಟೈಟಲ್ ಕಾರ್ಡಿನಲ್ಲಿ ತೋಟದ ಹೆಸರು!

ಹೋಗಿದ್ದು ಕಾಫಿಗಲ್ಲ ಸ್ವಾಮಿ, ಕಳಸಾಪುರಕ್ಕೆ! ಸಿದ್ಧಲಿಂಗಯ್ಯನವರ ‘ಭೂತಯ್ಯನ ಮಗ ಅಯ್ಯು’ (1974) ತಯಾರಾದ ಊರು ಅದು. ಲೋಕನಾಥ್ ಅವರಿಗೆ ‘ಉಪ್ಪಿನಕಾಯಿ’ ಎಂಬ ಹೆಸರು ಗಟ್ಟಿಯಾಗಿ ಅಂಟಿಸಿದ ಚಿತ್ರ. ನೋಡಬೇಕೆಂಬ ಹುಚ್ಚು ಎಷ್ಟೋ ದಿನದ್ದು. ನೋಡಿಕೊಂಡು ಚಿಕ್ಕಮಗಳೂರಿಗೆ ವಾಪಸಾದಾಗ ಮಳೆ ಹಿಡಿದಿತ್ತು. ಎಂಥಾ ಮಳೆ ಅಂತೀರಿ! ಕೈಯಲ್ಲಿ ಕೊಡೆ ಇಲ್ಲ. ಬೆಂಗಳೂರು ಬಸ್ಸಿಗೆ ಇನ್ನೂ ಒಂದೂವರೆ ಗಂಟೆ. ಕಣ್ಣಿಗೆ ಬಿದ್ದ ಮೊದಲ ಗಾಜಿನ ಬಾಗಿಲಿಗೆ ನುಗ್ಗಿದೆ.

ಅದು ‘ಸ್ಪೆಷಾಲಿಟಿ ಕಾಫಿ’ ಅಂಗಡಿ ಅಂತ ಗೊತ್ತಾಗಿದ್ದು ರೇಟು ನೋಡಿದ ಮೇಲೆ. ಒಂದು ಕಪ್ಪಿಗೆ 220 ರೂಪಾಯಿ! ಎದ್ದು ಹೋಗೋಣವೆಂದರೆ ಹೊರಗೆ ಮಳೆ. ಒಳಗಿದ್ದ ಹುಡುಗ ಬೇರೆ ಆಗಲೇ ನೀರು ತಂದಿಟ್ಟಿದ್ದ. ಮರ್ಯಾದೆ ಪ್ರಶ್ನೆ. “ಒಂದು ಕೊಡಪ್ಪ” ಅಂದೆ.

ಅವನು ಕಾಫಿ ಮಾಡಿದ್ದನ್ನು ನೋಡಬೇಕಿತ್ತು ನೀವು. ಅಕ್ಕಸಾಲಿಗನ ಹಾಗೆ ತಕ್ಕಡಿಯಲ್ಲಿ 15 ಗ್ರಾಂ ಬೀಜ ತೂಗಿದ. ಆಗಲೇ ಪುಡಿ ಮಾಡಿದ. ಕಾಗದದ ಫಿಲ್ಟರಿಗೆ ಸುರಿದು, ಕೊಕ್ಕರೆ ಕತ್ತಿನಂಥ ಮೂತಿಯ ಕೆಟಲಿನಿಂದ ಬಿಸಿನೀರನ್ನು ಸುತ್ತಿ ಸುತ್ತಿ ಬಿಟ್ಟ. ಮೊದಲು ಸ್ವಲ್ಪ ಬಿಟ್ಟು ಅರ್ಧ ನಿಮಿಷ ನಿಲ್ಲಿಸಿದ. ಪುಡಿ ಉಬ್ಬಿ ಗುಳ್ಳೆ ಬಂತು. ಹೊಸದಾಗಿ ಹುರಿದ ಬೀಜವಾದರೆ ಒಳಗಿನ ಗಾಳಿ ಹಾಗೆ ಹೊರಗೆ ಬರುತ್ತಂತೆ. ಮೂರು ನಿಮಿಷದ ಈ ಪೂಜೆಯಲ್ಲಿ ಚಿಕೋರಿ ಇಲ್ಲ, ಹಾಲಿಲ್ಲ, ಸಕ್ಕರೆಯೂ ಇಲ್ಲ!

ಮೊದಲ ಗುಟುಕು ಕುಡಿದಾಗ, ಸುಳ್ಳು ಯಾಕೆ, ಮೋಸ ಹೋದೆ ಅನ್ನಿಸಿತು. ತೆಳ್ಳಗೆ, ಹುಳಿಹುಳಿ. ಸ್ವಲ್ಪ ಆರಿದ ಮೇಲೆ ನೋಡಿ ಅದರ ಆಟ! ಕಿತ್ತಳೆ ಸಿಪ್ಪೆಯ ಘಮ, ನಾಲಿಗೆಯ ತುದಿಯಲ್ಲಿ ಸಿಹಿ. ಇಂಟರ್ವಲ್ ಆದ ಮೇಲೆ ಹಿಡಿದು ಕೂರಿಸುವ ಚಿತ್ರಗಳಿರುತ್ತವಲ್ಲ, ಹಾಗೆ.

ಹುಡುಗ ಪ್ಯಾಕೆಟ್ ತೋರಿಸಿದ. ತೋಟದ ಹೆಸರು, ಅರೇಬಿಕಾದ ಎಸ್ 795 ತಳಿ, ತೋಟ ಎಷ್ಟು ಎತ್ತರದಲ್ಲಿದೆ, ಬೀಜ ಒಣಗಿಸಿದ್ದು ಹೇಗೆ, ಎಲ್ಲಾ ಅಚ್ಚಾಗಿತ್ತು. ಇದು ಸಣ್ಣ ಮಾತಲ್ಲ. ಬಾಬಾ ಬುಡನ್ ಯೆಮನ್ನಿಂದ ಏಳು ಬೀಜ ತಂದರು ಅಂತ ಹೇಳುವುದು 1670ರ ಸುಮಾರಿನ ಕಥೆ. ಆದರೆ 1940ರ ದಶಕದಿಂದ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೆ ಹಾಕಬೇಕಿತ್ತು. ಎಲ್ಲರ ಬೀಜವೂ ಒಟ್ಟಿಗೆ ಸೇರಿ ಹರಾಜಾಗುತ್ತಿತ್ತು. ಕಷ್ಟಪಟ್ಟು ಚೆನ್ನಾಗಿ ಬೆಳೆದವನ ಹೆಸರು ಕುಡಿಯುವವನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಹಂತಹಂತವಾಗಿ ಸಡಿಲವಾಗಿ, 1996ರಲ್ಲಿ ಆ ಕಟ್ಟು ಪೂರ್ತಿ ಬಿಚ್ಚಿತು. ಟೈಟಲ್ ಕಾರ್ಡಿನಲ್ಲಿ ತೋಟದ ಹೆಸರು ಬರೋದಕ್ಕೆ ಇಷ್ಟು ವರ್ಷ ಬೇಕಾಯಿತು!

“ಈ ತೋಟ ನೋಡಿದ್ದೀಯಾ?” ಅಂದೆ.

“ನಮ್ಮವ್ವ ಅಲ್ಲೇ ಕೆಲಸ ಮಾಡೋದು ಸಾರ್. ಅಲ್ಲೇ ಲೈನಲ್ಲಿ ಬೆಳೆದೋನು ನಾನು.”

ಮಾತು ಬೆಳೆಯಿತು. ಈ ಜಾತಿಯ ಕಾಫಿಗೆ ಚೆನ್ನಾಗಿ ಹಣ್ಣಾದ ಕೆಂಪು ಕಾಯಿಗಳನ್ನೇ ಆರಿಸಿ ಕುಯ್ಯಬೇಕು. ಒಂದೇ ಗಿಡಕ್ಕೆ ಮೂರು ನಾಲ್ಕು ಸಲ ಬರಬೇಕು. ಕೆಜಿ ಲೆಕ್ಕದ ಕೂಲಿಯಾದರೆ ಆರಿಸುತ್ತಾ ನಿಂತವರಿಗೆ ನಷ್ಟ. “ಅದಕ್ಕೇ ಅವ್ವ ಮೇಸ್ತ್ರಿ ಹತ್ರ ಜಗಳ ಮಾಡಿ ದಿನಗೂಲಿ ಮಾಡಿಸ್ಕೊಂಡ್ರು. ನೀವು ಕುಡಿದಿರೋದು ಅವ್ವನ ಅರ್ಧ ದಿನದ ಕೂಲಿ ಸಾರ್” ಅಂತ ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ.

“ಅವ್ವ ಕುಡಿದಿದ್ದಾರಾ ಇದನ್ನ?”

“ಒಂದ್ಸಲ ಫ್ಲಾಸ್ಕಲ್ಲಿ ತಗೊಂಡ್ಹೋಗಿದ್ದೆ. ‘ಬೆಲ್ಲ ಹಾಕೋದು ಮರ್ತಿದ್ದೀಯಲ್ಲೋ’ ಅಂದ್ರು! ಪ್ಯಾಕೆಟ್ ಓದಿ ಹೇಳ್ದೆ, ಕಿತ್ತಳೆ ರುಚಿ ಅಂತೆ, ಜೇನು ಅಂತೆ ಅಂತ. ಯಾವ ಬ್ಲಾಕಿನ ಹಣ್ಣು ಅಂತ ಕೇಳಿದ್ರು. ಹೇಳಿದ್ದಕ್ಕೆ, ‘ಹಳ್ಳದ ಮಗ್ಗುಲಿಂದಾ? ಮಳೆಗಾಲದಲ್ಲಿ ಅಲ್ಲಿ ಕಳೆ ತೆಗೆಯೋಕೆ ಹೋದ್ರೆ ಕಾಲ್ತುಂಬಾ ಇಂಬಳ. ಅದನ್ನ ಬರೆದಿಲ್ವಾ?’ ಅಂದ್ರು.”

ಪ್ಯಾಕೆಟ್ ತಿರುಗಿಸಿ ನೋಡಿದೆ. ಹಿಂದೆ ಬೆಲೆ ಇತ್ತು, ಹುರಿದ ತಾರೀಕು ಇತ್ತು.

ಕೊಳ್ಳುವ ಆಸೆಯೇನೋ ಆಯಿತು. ಕೊಂಡಿದ್ದರೆ ಟಿಕೆಟ್ಟಿಗೆ ದುಡ್ಡು ಉಳಿಯುತ್ತಿರಲಿಲ್ಲ. ಮಳೆ ಇನ್ನೂ ಬಿಟ್ಟಿರಲಿಲ್ಲ. ಹುಡುಗ ತನ್ನ ಕೊಡೆ ಹಿಡಿದು ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು ಹೋದ.