ಕರಡು, ಕವಲು, ಕರ್ತೃತ್ವ

ಗಣಕದ ಭಾಷೆಯನ್ನು ಕುರಿತು ಸಾಹಿತ್ಯದ ವಿದ್ಯಾರ್ಥಿಗಳಲ್ಲಿ ಒಂದು ಬಗೆಯ ಹಿಂಜರಿಕೆ ಮನೆಮಾಡಿದೆ. ಅದು ಲೆಕ್ಕದವರ ಸೊತ್ತು, ಅಲ್ಲಿ ಒಂದು ಅರ್ಧವಿರಾಮ ಬಿಟ್ಟುಹೋದರೂ ಕ್ಷಮೆಯಿಲ್ಲ ಎಂಬ ಭಾವನೆಯೇ ಈ ಹಿಂಜರಿಕೆಯ ಮೂಲ. ಈ ಗ್ರಹಿಕೆ ಪೂರ್ತಿ ಸುಳ್ಳೇನೂ ಅಲ್ಲ. ಆದರೂ ಕಳೆದ ಎರಡೂವರೆ ದಶಕಗಳಲ್ಲಿ ಚಿತ್ರಕಾರರು, ವಿನ್ಯಾಸಕಾರರು, ಸಂಗೀತಗಾರರು ಕ್ರಮವಿಧಿಗಳನ್ನು ಬರೆಯಲು ಕಲಿತ ಬಗೆಯನ್ನು ಗಮನಿಸಿದರೆ, ಆ ಕಲಿಕೆಯ ಹಿಂದೆ ಒಂದು ಪದದ ಆಯ್ಕೆ ಕೆಲಸ ಮಾಡಿರುವುದು ಕಾಣುತ್ತದೆ. ಆ ಪದ ‘ಸ್ಕೆಚ್’. ಕನ್ನಡದಲ್ಲಿ ಅದನ್ನು ಕರಡು ಎನ್ನಬಹುದು.

ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನಲ್ಲಿ ಪ್ರಾಧ್ಯಾಪಕರಾಗಿದ್ದ ಜಾನ್ ಮಾಯೆಡ ಅವರು 1999ರಲ್ಲಿ ‘ಡಿಸೈನ್ ಬೈ ನಂಬರ್ಸ್’ ಎಂಬ ಪುಸ್ತಕವನ್ನು ಪ್ರಕಟಿಸಿದರು. ಅದೇ ಹೆಸರಿನ ಪುಟ್ಟ ಗಣಕಭಾಷೆಯೊಂದನ್ನು ಅದು ಕಲಿಸುತ್ತದೆ. ಅಗಲಕ್ಕೆ 100, ಎತ್ತರಕ್ಕೆ 100 ಚುಕ್ಕಿಗಳ ಹಾಳೆ. ಬಣ್ಣವೆಂದರೆ ಬಿಳಿ, ಕಪ್ಪು ಮತ್ತು ನಡುವಣ ಬೂದು ಛಾಯೆಗಳು ಮಾತ್ರ. ಈ ಬಡತನ ಉದ್ದೇಶಪೂರ್ವಕವಾದುದು. ಅವರ ವಿದ್ಯಾರ್ಥಿಗಳಾದ ಕೇಸಿ ರೀಸ್ ಮತ್ತು ಬೆನ್ ಫ್ರೈ 2001ರಲ್ಲಿ ಆರಂಭಿಸಿದ ‘ಪ್ರೊಸೆಸಿಂಗ್’ ಈ ಕಟ್ಟನ್ನು ಸಡಿಲಿಸಿತು. ಇಲ್ಲಿ ಬರೆದ ಕ್ರಮವಿಧಿಯ ಹೆಸರು ಸ್ಕೆಚ್. ಅವುಗಳನ್ನು ಕೂಡಿಡುವ ಜಾಗ ಸ್ಕೆಚ್‌ಬುಕ್. ನಾಲ್ಕು ಸಂಖ್ಯೆಗಳನ್ನು ಕೊಟ್ಟರೆ ತೆರೆಯ ಮೇಲೆ ಒಂದು ಗೆರೆ ಮೂಡುತ್ತದೆ. ಒಂದು ಸಂಖ್ಯೆ ಬದಲಾದರೆ ಗೆರೆ ವಾಲುತ್ತದೆ. ‘ಸೆಟಪ್’ ಎಂಬ ಭಾಗದಲ್ಲಿ ಬರೆದುದನ್ನು ಯಂತ್ರ ಒಮ್ಮೆ ಮಾತ್ರ ನಡೆಸುತ್ತದೆ. ‘ಡ್ರಾ’ ಎಂಬ ಭಾಗದಲ್ಲಿ ಬರೆದುದನ್ನು ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ. ತಂಬೂರಿಯನ್ನು ಶ್ರುತಿ ಮಾಡುವುದು ಒಮ್ಮೆ, ಮೀಟುವುದು ಕಛೇರಿ ಮುಗಿಯುವತನಕ ಎಂಬಂತೆ. ಕಲಿಯುವವರು ವ್ಯಾಕರಣವನ್ನು ಮುಗಿಸಿ ವಾಕ್ಯಕ್ಕೆ ಬರಬೇಕಾಗಿಲ್ಲ. ವಾಕ್ಯವನ್ನು ತಿದ್ದುತ್ತ ತಿದ್ದುತ್ತ ವ್ಯಾಕರಣ ಕೈಗೆ ಹತ್ತುತ್ತದೆ.

ನಿಯಮವೊಂದನ್ನು ಸತತವಾಗಿ ಅನ್ವಯಿಸಿ ರೂಪಗಳನ್ನು ಹುಟ್ಟಿಸುವ ಅನುಭವ ಛಂದಸ್ಸಿನ ತರಗತಿಯಲ್ಲಿ ಕುಳಿತವರಿಗೆ ಅಪರಿಚಿತವಲ್ಲ. ಲಘು ಗುರುಗಳೆಂಬ ಎರಡೇ ಗುರುತುಗಳಿಂದ ಮೂರಕ್ಷರಕ್ಕೆ ಎಂಟು ಗಣಗಳು, ನಾಲ್ಕಕ್ಷರಕ್ಕೆ ಹದಿನಾರು ವಿನ್ಯಾಸಗಳು ಹೊಮ್ಮುವ ಪ್ರಸ್ತಾರಕ್ರಮವು ನಿಜಕ್ಕೂ ಒಂದು ಕ್ರಮವಿಧಿಯೇ. ಆದರೆ ಎಲ್ಲವೂ ಮೊದಲೇ ಇಲ್ಲಿತ್ತು ಎಂಬ ಸಮಾಧಾನದಿಂದ ಸಂಶೋಧನೆಗೆ ಆಗುವ ಲಾಭ ಅಷ್ಟಕ್ಕಷ್ಟೆ. ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸುವುದು ಲೇಸು.

ತೆರೆಯ ಮೇಲಿನ ಗೆರೆ ಹೊರಜಗತ್ತಿನ ವಸ್ತುವನ್ನು ಮುಟ್ಟಿದ್ದು ಇಟಲಿಯ ಇವ್ರೆಯಾದಲ್ಲಿ. ಒಲಿವೆಟ್ಟಿ ಟೈಪ್‌ರೈಟರಿನಿಂದ ಹೆಸರಾದ ಈ ಊರಿನಲ್ಲಿ ವಿನ್ಯಾಸ ಕಲಿಸುವ ಸಂಸ್ಥೆಯೊಂದು ಕೆಲವು ವರ್ಷಗಳ ಕಾಲ ನಡೆಯಿತು. ಕೊಲಂಬಿಯಾದಿಂದ ಬಂದ ಎರ್ನಾಂದೊ ಬರಗಾನ್ ಎಂಬ ಸ್ನಾತಕೋತ್ತರ ವಿದ್ಯಾರ್ಥಿ 2003ರಲ್ಲಿ ಅಲ್ಲಿ ‘ವೈರಿಂಗ್’ ಎಂಬ ಯೋಜನೆಯನ್ನು ಕೈಗೆತ್ತಿಕೊಂಡರು. ಅವರ ಮಾರ್ಗದರ್ಶಕರಾಗಿದ್ದವರು ಮಾಸಿಮೊ ಬಾಂಜಿ ಮತ್ತು ಮೇಲೆ ಹೇಳಿದ ಕೇಸಿ ರೀಸ್. ಅಲ್ಲಿಯವರೆಗೆ ಮೈಕ್ರೊಕಂಟ್ರೋಲರಿನಿಂದ ಒಂದು ದೀಪ ಮಿನುಗಿಸಬೇಕಾದರೂ ಅದರ ಒಳಗಿನ ರಿಜಿಸ್ಟರುಗಳ ಪರಿಚಯವಿರಬೇಕಾಗುತ್ತಿತ್ತು. ಇಲ್ಲವೇ ದುಬಾರಿ ಫಲಕಗಳನ್ನು ಕೊಳ್ಳಬೇಕಾಗುತ್ತಿತ್ತು. ಬರಗಾನ್ ಮಾಡಿದ್ದು ಭಾಷಿಕವಾದ ಕೆಲಸ. ಪ್ರೊಸೆಸಿಂಗ್‌ನ ಬರೆಯುವ ಪರಿಸರವನ್ನು ಆಧಾರವಾಗಿಟ್ಟುಕೊಂಡು, ಇಂಥ ಪಿನ್ನಿಗೆ ವಿದ್ಯುತ್ತು ಕೊಡು, ಇಷ್ಟು ಹೊತ್ತು ಕಾಯಿ, ಈಗ ಆರಿಸು ಎಂಬಂತೆ ಮನುಷ್ಯರು ಆಡಬಹುದಾದ ಮಾತುಗಳನ್ನು ಅವರು ಯಂತ್ರಕ್ಕೆ ರೂಪಿಸಿಕೊಟ್ಟರು. 2004ರಲ್ಲಿ ಅದು ಪ್ರೌಢಪ್ರಬಂಧವಾಗಿ ಸಲ್ಲಿಕೆಯಾಯಿತು.

ಮರುವರ್ಷ, ಎಂದರೆ 2005ರಲ್ಲಿ, ಬಾಂಜಿ ಹಾಗೂ ಅವರ ಜೊತೆಗಾರರು ಅಗ್ಗದ ಚಿಪ್ ಒಂದಕ್ಕೆ ವೈರಿಂಗನ್ನು ಹೊಂದಿಸಿ, ಅದರಿಂದ ಬೇರೆ ಕವಲೊಂದನ್ನು ತೆಗೆದರು. ಊರಿನ ಒಂದು ಬಾರಿನ ಹೆಸರೇ ಅದಕ್ಕೂ ಬಂತು: ಆರ್ಡುಯಿನೊ. ಆ ಬಾರಿಗಾದರೋ ಆ ಹೆಸರು 1002ರಲ್ಲಿ ಇಟಲಿಯ ದೊರೆಯಾದ ಆರ್ಡುಯಿನನಿಂದ ಬಂದುದು. ದೊರೆಯ ಹೆಸರು ಜಗತ್ತಿನ ಶಾಲೆ ಕಾಲೇಜುಗಳ ಪ್ರಯೋಗಾಲಯಗಳಿಗೆ ತಲುಪಿತು. ವಿದ್ಯಾರ್ಥಿಯ ಹೆಸರು ಅಷ್ಟು ದೂರ ಹೋಗಲಿಲ್ಲ. ಹೊಸ ತಂಡಕ್ಕೆ ತನ್ನನ್ನು ಕರೆಯಲಿಲ್ಲವೆಂದು ಬರಗಾನ್ 2016ರಲ್ಲಿ ದೀರ್ಘವಾಗಿ ಬರೆದರು. ಮಾರ್ಗದರ್ಶಕ ಮತ್ತು ಸಂಶೋಧನಾರ್ಥಿಗಳ ನಡುವಿನ ಇಂಥ ಸೂಕ್ಷ್ಮವನ್ನು ವಿಶ್ವವಿದ್ಯಾಲಯದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ನೋಡಬೇಕು. ವೈರಿಂಗ್ ಮುಕ್ತ ಪರವಾನಗಿಯಡಿ ಬಿಡುಗಡೆಯಾದ ಕೃತಿ. ಅದನ್ನು ಯಾರಾದರೂ ಪ್ರತಿ ಮಾಡಬಹುದು, ತಿದ್ದಬಹುದು. ಕವಲೊಡೆಯುವುದು ಈ ಪರಂಪರೆಯಲ್ಲಿ ಕಳ್ಳತನವಲ್ಲ, ಅದರ ಬದುಕಿನ ಕ್ರಮ. ಫಲಕದ ಬೆಲೆ ಇಳಿಯದೆ ಹೋಗಿದ್ದರೆ ಈ ಕಲಿಕೆ ಕೆಲವೇ ಸಂಸ್ಥೆಗಳಲ್ಲಿ ಉಳಿದುಬಿಡುತ್ತಿತ್ತು ಎಂಬುದನ್ನೂ ಒಪ್ಪಬೇಕು. ಆದರೆ ಪರವಾನಗಿ ಕೊಡುವುದು ಬಳಕೆಯ ಅನುಮತಿಯನ್ನು. ಕರ್ತೃತ್ವದ ನೆನಪನ್ನು ಉಳಿಸುವುದು ಬೇರೊಂದು ಹೊಣೆ. ಓಲೆಗರಿಯ ಲಿಪಿಕಾರನು ಅನೇಕ ವೇಳೆ ಪ್ರತಿಯ ಕೊನೆಯಲ್ಲಿ ತನ್ನ ಹೆಸರನ್ನು ಬರೆದಿಟ್ಟುಕೊಂಡದ್ದುಂಟು. ಆದರೆ ಕವಿಯ ಹೆಸರಿದ್ದ ಜಾಗದಲ್ಲಿ ಅದನ್ನು ಬರೆದುಕೊಳ್ಳಲಿಲ್ಲ. ಆರ್ಡುಯಿನೊ ತಂಡವು ವೈರಿಂಗ್‌ನ ಋಣವನ್ನು ತನ್ನ ಕೃತಜ್ಞತೆಯ ಪಟ್ಟಿಯಲ್ಲಿ ನಮೂದಿಸಿದೆ, ನಿಜ. ಪಟ್ಟಿಯ ಒಂದು ಸಾಲಿಗೂ ಮುಖಪುಟದ ಹೆಸರಿಗೂ ಇರುವ ಅಂತರವನ್ನು ಗ್ರಂಥಸಂಪಾದನೆ ಮಾಡಿದವರು ಬಲ್ಲರು.

ಕರಡು ಎಂಬ ಪರಿಕಲ್ಪನೆಯಲ್ಲಿಯೇ ಈ ತೊಡಕು ಅಡಗಿದೆ ಎನಿಸುತ್ತದೆ. ಕರಡನ್ನು ಯಾರೂ ತಿದ್ದಬಹುದೆಂಬ ಸಲಿಗೆಯಿಂದಲೇ ಚಿತ್ರಕಲೆಯವರು ತಂತ್ರಾಂಶಕ್ಕೂ, ತಂತ್ರಾಂಶದವರು ತಂತಿ ದೀಪಗಳಿಗೂ ಅಂಜದೆ ಕೈ ಹಾಕಿದರು. ಮೊದಲು ಯಾರ ಕೈ ಅದರ ಮೇಲೆ ಆಡಿತ್ತೆಂಬುದು ಅದೇ ಸಲಿಗೆಯಿಂದ ಮಸುಕಾಯಿತು. ಆರ್ಡುಯಿನೊ ಫಲಕವನ್ನು ಕೈಗೆತ್ತಿಕೊಂಡವರು ರೂಢಿಯಂತೆ ಮೊದಲು ಬರೆಯುವುದು ಒಂದು ಸೆಕೆಂಡು ಉರಿದು ಒಂದು ಸೆಕೆಂಡು ಆರುವ ದೀಪದ ಸ್ಕೆಚ್ಚನ್ನು. ಅದರಲ್ಲಿ ಬರುವ ಪಿನ್‌ಮೋಡ್, ಡಿಜಿಟಲ್‌ರೈಟ್, ಡಿಲೇ ಎಂಬ ಮೂರು ಪದಗಳೂ ವೈರಿಂಗ್‌ನಿಂದ ಬಂದವು.