ಕೂಡಿ ಕಲಿಯುವ ಲೆಕ್ಕ

ಕಲಾವಿಭಾಗಕ್ಕೆ ಸೇರಿದರೆ ಲೆಕ್ಕದ ಕಾಟ ತಪ್ಪುವುದೆಂದು ನಂಬಿ ಬಂದವರು ನಮ್ಮಲ್ಲಿ ಅನೇಕರು. ಆದರೆ ಅರ್ಥಶಾಸ್ತ್ರದ ತರಗತಿಯಲ್ಲಿ ಅದು ಮತ್ತೆ ಎದುರಾಗುತ್ತದೆ!

ಹಿರಿಯ ವಿದ್ಯಾರ್ಥಿಯೊಬ್ಬರು ನಮಗೆ ಜಿಯೋಜೀಬ್ರಾ ಎಂಬ ತಂತ್ರಾಂಶವನ್ನು ಪರಿಚಯಿಸಿದರು. ಆಸ್ಟ್ರಿಯದ ಸಾಲ್ಜ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಮಾರ್ಕಸ್ ಹೋಹೆನ್‌ವಾರ್ಟರ್ ಎಂಬುವರು 2001ರಲ್ಲಿ ಇದರ ರಚನೆಗೆ ತೊಡಗಿದರು. ವಿದ್ಯಾರ್ಥಿಗಳಿಗೆ ಇದು ಉಚಿತ. ಸಮೀಕರಣ ಬರೆದರೆ ರೇಖೆ ಮೂಡುತ್ತದೆ. ಅಂಕೆ ಬದಲಿಸಿದರೆ ರೇಖೆಯೂ ಹೊರಳುತ್ತದೆ. ಹಲವು ದೇಶಗಳ ಅಧ್ಯಾಪಕರು ತಮ್ಮ ಪಾಠಗಳನ್ನು ಅಲ್ಲಿ ಎಲ್ಲರಿಗಾಗಿ ಇರಿಸಿದ್ದಾರೆ.

ನಾವು ನಾಲ್ವರು ಸಂಜೆಯ ವೇಳೆ, ನಮ್ಮ ನಮ್ಮ ಮನೆಗಳಿಂದಲೇ, ಅಂತರ್ಜಾಲದ ಒಂದೇ ಹಾಳೆಯಲ್ಲಿ ಲೆಕ್ಕ ಬಿಡಿಸತೊಡಗಿದೆವು. ಒಮ್ಮೆ ಮಾರಾಟದ ಪ್ರಮಾಣ ಕ್ಷ, ಬೆಲೆ 20 − 2ಕ್ಷ ಎಂದು ಕೊಟ್ಟಿತ್ತು. ಹಾಗಾದರೆ ಆದಾಯ 20ಕ್ಷ − 2ಕ್ಷ². ಚಿತ್ರದಲ್ಲಿ ಆದಾಯವು ಕ್ಷ 5 ಆದಾಗ 50ಕ್ಕೇರಿ ಇಳಿಯಿತು. ಏಕೆ? ಚಿತ್ರ ಅದನ್ನು ಹೇಳಲಿಲ್ಲ.

ಆಗ, ತರಗತಿಯಲ್ಲಿ ಎಂದೂ ಬಾಯಿ ತೆರೆಯದ ಗೆಳತಿಯೊಬ್ಬಳು "4ಕ್ಕೂ 48, 6ಕ್ಕೂ 48" ಎಂದು ಬರೆದಳು. ಅವಳ ಆ ಸಾಲನ್ನೇ ಹಿಡಿದು ಇನ್ನೊಬ್ಬರು ಆದಾಯವನ್ನು 50 − 2(ಕ್ಷ − 5)² ಎಂದು ತಿರುಗಿಸಿ ಬರೆದರು. ವರ್ಗವು ಎಂದೂ ಋಣವಾಗದು. ಆದುದರಿಂದ 50ನ್ನು ಮೀರುವಂತಿಲ್ಲ! ಬಾಯಿಪಾಠವಾಗಿದ್ದ ಸೂತ್ರ ಅಂದು ನನಗೆ ಅರ್ಥವಾಯಿತು.

ಯಂತ್ರ ತೋರಿಸುತ್ತದೆ, ಕಾರಣವನ್ನು ನಾವೇ ಹುಡುಕಬೇಕು. ಎದ್ದು ನಿಂತು ಕೇಳಲು ಅಂಜುವವರ ಅರ್ಧ ಯೋಚನೆಗೂ ಅಂಥ ಹಾಳೆಯಲ್ಲಿ ಸ್ಥಳವುಂಟು. ಮಿತ್ರರೇ, ನಾಲ್ವರಿಗೆ ಒಂದೇ ಮೊಬೈಲಿದ್ದರೂ ಚಿಂತೆಯಿಲ್ಲ. ಸುತ್ತ ಕುಳಿತು ಆರಂಭಿಸಿರಿ.