ಹಳೆಯ ರೂಪಿನ ಹೊಸ ಮೋಟಾರು ಸೈಕಲ್ಲು

ಮನೆಮಂದಿಯೆಲ್ಲರೂ ಓದುವ ಪತ್ರಿಕೆಯಲ್ಲಿ ಮೋಟಾರು ಸೈಕಲ್ಲಿನ ಪ್ರಸ್ತಾಪವೇಕೆಂದು ವಾಚಕರು ಕೇಳಬಹುದು. ಒಂದು ಸಂಸಾರದ ಎರಡು ವರ್ಷಗಳ ಉಳಿತಾಯವನ್ನು ನುಂಗತಕ್ಕ ವಸ್ತುವು ಗೃಹಕೃತ್ಯಕ್ಕಲ್ಲದೆ ಇನ್ನಾವುದಕ್ಕೆ ಸೇರೀತು?

ಮೈಸೂರಿನಲ್ಲಿ ಬೆಳೆದ ನಮಗೆ ಮೋಟಾರು ಸೈಕಲ್ಲೆಂದರೆ ಜಾವಾ. 1960ರಲ್ಲಿ ಸ್ಥಾಪಿತವಾದ ಐಡಿಯಲ್ ಜಾವಾ ಸಂಸ್ಥೆಯ ಕಾರ್ಖಾನೆಯು ಯಾದವಗಿರಿಯಲ್ಲಿದ್ದು, ಮುಂದೆ ಯೆಜ್ಡಿಯೆಂಬ ಹೆಸರಿನ ವಾಹನಗಳನ್ನು ತಯಾರಿಸಿ, 1996ರಲ್ಲಿ ಮುಚ್ಚಿಹೋಯಿತು. ನಮ್ಮ ತೀರ್ಥರೂಪರು ಇಪ್ಪತ್ತೆರಡು ವರ್ಷ ಜಾವಾ ನಡೆಸಿದವರು. ಅದರ ಸೋಜಿಗವೇನೆಂದರೆ, ಎಡಗಾಲಿನ ಬಳಿಯ ಒಂದೇ ಸನ್ನೆಯು ಗೇರು ಬದಲಾಯಿಸುವುದಕ್ಕೂ, ತಿರುಗಿಸಿ ಒದ್ದರೆ ಯಂತ್ರವನ್ನು ಎಬ್ಬಿಸುವುದಕ್ಕೂ ಒದಗುತ್ತಿದ್ದಿತು. ಪೆಟ್ರೋಲಿಗೆ ಎಣ್ಣೆಯನ್ನು ಅಳೆದು ಬೆರೆಸುವ ಕೆಲಸ ಬಾಲ್ಯದಲ್ಲಿ ನಮ್ಮ ಪಾಲಿಗೆ ಬಂದಿದ್ದಿತು. ಅಂಗಿಯಿಂದ ಆ ವಾಸನೆ ಹೋಗುವುದೇ ಇಲ್ಲವೆಂದು ಮಾತೃಶ್ರೀಯವರ ದೂರು.

2018ರಲ್ಲಿ ಜಾವಾ ಪುನಃ ಅಂಗಡಿಗೆ ಬಂದಿತು. ದುಂಡು ದೀಪ, ಉಬ್ಬಿದ ತೊಟ್ಟಿ, ಜೋಡಿ ಹೊಗೆಕೊಳವೆ ಹಿಂದಿನಂತೆಯೇ, ಒಳಗಿನದೆಲ್ಲವೂ ಬೇರೆ. ಈಗಿನ 334 ಸಿ.ಸಿ. ಯಂತ್ರವು ನಾಲ್ಕು ಹೊಡೆತದ್ದು, ದ್ರವದಿಂದ ತಂಪಾಗುವಂಥದು. ತಯಾರಾಗುವುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ. ಇದರ ಎದುರಾಳಿಯಾದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 349 ಸಿ.ಸಿ.ಯದು, 195 ಕಿಲೋ ತೂಕದ್ದು. ಬಲು ಗಂಭೀರವಾದ ವಾಹನವೆಂಬುದರಲ್ಲಿ ಸಂದೇಹವಿಲ್ಲ. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ. ಮೀರದವುಗಳ ತೆರಿಗೆ ಶೇಕಡ 28ರಿಂದ 18ಕ್ಕೆ ಇಳಿದುದರಿಂದ ಇವೆರಡೂ ನಮ್ಮಂಥವರ ಕೈಗೆ ಎಟುಕುವಂತಾದುವು.

ಆದರೆ ಅಂಗಡಿಯವರು ಮೊದಲು ಹೇಳುವ ಬೆಲೆಯನ್ನು ನೆಚ್ಚಲಾಗದು. ರಸ್ತೆಯ ತೆರಿಗೆ, ನೋಂದಣಿ, ಕಡ್ಡಾಯವಾದ ಐದು ವರ್ಷದ ವಿಮೆ, ಇಬ್ಬರಿಗೆ ಶಿರಸ್ತ್ರಾಣ, ಇಷ್ಟೂ ಕೂಡಿದ ಮೇಲೆಯೇ ನಿಜವಾದ ಲೆಕ್ಕ. ನೆನಪಿಗಾಗಿ ಇಷ್ಟು ತೆರಬೇಕೆ ಎಂದು ನಮ್ಮ ಸಹಧರ್ಮಿಣಿಯವರು ಕೇಳಿದುದು ನ್ಯಾಯವೇ. ಫಕ್ಕನೆ ತಡೆ ಹಾಕಿದರೂ ಚಕ್ರ ಬಿಗಿದು ಜಾರದಂತೆ ಕಾಯುವ ಏರ್ಪಾಡು ಈಗ ಇದೆಯೆಂದು ತಿಳಿದ ಬಳಿಕ ಅವರು ಒಪ್ಪಿದರು.

ಎಪ್ಪತ್ತೆಂಟರ ತೀರ್ಥರೂಪರನ್ನು ಅಂಗಡಿಗೆ ಕರೆದೊಯ್ದೆವು. ಜಾವಾದ ಮೇಲೆ ಕುಳಿತವರೇ ಎಡಗಾಲಿನಿಂದ ಆ ಹಳೆಯ ಸನ್ನೆಯನ್ನು ಹುಡುಕಿದರು. ಅಂಗಡಿಯ ಹುಡುಗನು ಗುಂಡಿಯನ್ನೊತ್ತಿ ಯಂತ್ರವನ್ನು ಎಬ್ಬಿಸಿದನು. ಅವರು ತುಸು ಹೊತ್ತು ಕಿವಿಗೊಟ್ಟು, “ಸದ್ದು ಅದಲ್ಲ” ಎಂದರು. ಇಳಿಯಲು ಮಾತ್ರ ಮನಸ್ಸು ಮಾಡಲಿಲ್ಲ. ನಾವು ಮುಂಗಡ ಕೊಟ್ಟೆವು. ರಸೀತಿ ಬರೆಯುತ್ತಿದ್ದವನನ್ನು ಅವರು, ಲೀಟರಿಗೆ ಎಷ್ಟು ಎಣ್ಣೆ ಬೆರೆಸಬೇಕೆಂದು ಕೇಳಿದರು.